ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ: ಹೊಸ ಡಿಸ್ಕ್, ಪ್ಯಾಡ್ ಆರಿಸುವುದು ಹೇಗೆ?

ಪ್ರಶ್ನೆ: ನನ್ನ ಕಾರು 70 ಸಾವಿರ ಕಿ.ಮೀ. ಓಡಿದೆ. ಗಂಟೆಗೆ 80 ಕಿ.ಮೀ. ದಾಟಿದ ಮೇಲೆ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಮುಂದಿನ ಡಿಸ್ಕ್‌ಗಳು ಸೊಟ್ಟಗಾಗಿವೆ, ಪ್ಯಾಡ್ ಸಮೇತ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಕಾರು ಕಂಪನಿಯ ಡಬ್ಬಿಯದ್ದೇ ಬೇಕಾ, ಹೊರಗಿನ ಬ್ರ್ಯಾಂಡ್ ಆಗುತ್ತದಾ? ತೂತು ಕೊರೆದ, ಗೀರು ಹಾಕಿದ ಡಿಸ್ಕ್ ತಗೊಂಡು ಸೆರಾಮಿಕ್ ಪ್ಯಾಡ್ ಹಾಕಿಸು, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಎಂದು ಗೆಳೆಯರೊಬ್ಬರ ಸಲಹೆ. ಯಾರ ಮಾತು ಕೇಳಲಿ?

ಉತ್ತರ: ಯಾವ ಡಬ್ಬಿ ಎನ್ನುವುದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಆ ‘ಸೊಟ್ಟ’ ಎನ್ನುವ ಮಾತನ್ನು ಇತ್ಯರ್ಥ ಮಾಡಿಕೊಳ್ಳೋಣ. ಅದನ್ನು ಹಾಗೇ ನಂಬಿ ಹೊಸ ಡಿಸ್ಕ್ ಹಾಕಿಸಿದರೆ ಐದಾರು ಸಾವಿರ ಕಿ.ಮೀ. ಆಗುವಷ್ಟರಲ್ಲಿ ಅದೇ ನಡುಕ ಮರಳಿ ಬರಬಹುದು.

ಚಕ್ರದ ಜೊತೆ ಸುತ್ತುವ ಬೀಡು ಕಬ್ಬಿಣದ ಡಿಸ್ಕ್ ದಿನನಿತ್ಯದ ಓಡಾಟದಲ್ಲಿ ತಟ್ಟೆ ಬಾಗಿದ ಹಾಗೆ ಬಾಗುವುದು ಅಪರೂಪ. ನಡುಕಕ್ಕೆ ಬಹುಪಾಲು ಕಾರಣ, ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರುವುದು. ವ್ಯತ್ಯಾಸ 0.015 ಅಥವಾ 0.02 ಮಿ.ಮೀ. ಇದ್ದರೂ ಸಾಕು. ದಪ್ಪಗಿರುವ ಭಾಗ, ಎರಡೂ ಬದಿಯಿಂದ ಅದುಮಿ ಹಿಡಿಯುವ ಪ್ಯಾಡ್‌ಗಳ ನಡುವೆ ಬಂದಾಗಲೆಲ್ಲ ಹಿಡಿತ ಬಿಗಿಯಾಗುತ್ತದೆ, ತೆಳು ಭಾಗ ಬಂದಾಗ ಸಡಿಲವಾಗುತ್ತದೆ. ಚಕ್ರ ಸೆಕೆಂಡಿಗೆ ಹತ್ತಾರು ಸುತ್ತು ಸುತ್ತುವಾಗ ಈ ಬಿಗಿ-ಸಡಿಲವೇ ಕೈಗೆ ನಡುಕವಾಗಿ ತಟ್ಟುತ್ತದೆ.

ದಪ್ಪದಲ್ಲಿ ಈ ಏರುಪೇರು ಬರುವುದಕ್ಕೆ ಎರಡು ದಾರಿಗಳಿವೆ. ಒಂದು, ವೇಗದಿಂದ ಬಂದು ಬ್ರೇಕ್ ಒತ್ತಿ, ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಅದುಮಿಕೊಂಡೇ ನಿಲ್ಲುವುದು. ಪ್ಯಾಡಿನ ಪದಾರ್ಥ ಆ ಒಂದು ಜಾಗದಲ್ಲಿ ಮೆತ್ತಿಕೊಳ್ಳುತ್ತದೆ. ಇನ್ನೊಂದು ದಾರಿ ಹೆಚ್ಚು ಸಾಮಾನ್ಯ, ಆದರೆ ಕಣ್ಣಿಗೆ ಬೀಳುವುದಿಲ್ಲ: ಚಕ್ರ, ಡಿಸ್ಕ್ ಎರಡನ್ನೂ ಹೊತ್ತು ತಿರುಗುವ ಹಬ್ ಎಂಬ ಭಾಗದ ಮೇಲೆ ಡಿಸ್ಕ್ ಸಮನಾಗಿ ಕೂರದಿರುವುದು. ಹಾಗೆ ಓರೆಯಾಗಿ ಕೂತ ಡಿಸ್ಕ್ ನೀವು ಬ್ರೇಕ್ ಒತ್ತದೆ ಓಡಿಸುವಾಗಲೂ ಪ್ರತಿ ಸುತ್ತಿಗೊಮ್ಮೆ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಸವರಿದಲ್ಲಿ ಸವೆಯುತ್ತದೆ. ಸಾವಿರಾರು ಕಿ.ಮೀ. ಹೀಗೇ ಸವೆದ ಮೇಲೆ ದಪ್ಪದ ವ್ಯತ್ಯಾಸ ತಯಾರು. ಹೊಸ ಡಿಸ್ಕ್ ಹಾಕಿದ ದಿನ ಎಲ್ಲವೂ ನುಣುಪಾಗಿದ್ದು ಕೆಲವು ತಿಂಗಳ ನಂತರ ನಡುಕ ಶುರುವಾಗುವ ಗುಟ್ಟು ಇದೇ.

ಒಂದು ಕಾರು ಮೂರನೇ ಜೊತೆ ಡಿಸ್ಕ್‌ಗಳೊಂದಿಗೆ ನನ್ನ ಬಳಿ ಬಂದಿತ್ತು. ಮಾಲೀಕರು ಪ್ರತಿ ಸಲವೂ ಹಿಂದಿನದಕ್ಕಿಂತ ದುಬಾರಿ ಡಿಸ್ಕ್ ಹಾಕಿಸಿದ್ದರು, ಪ್ರತಿ ಸಲವೂ ನಡುಕ ವಾಪಸಾಗಿತ್ತು. ಡಿಸ್ಕ್ ಬಿಚ್ಚಿ ನೋಡಿದರೆ ಹಬ್ಬಿನ ಮುಖದ ಅಂಚಿನಲ್ಲಿ ಬೆರಳ ತುದಿಯಷ್ಟಗಲದ ತುಕ್ಕಿನ ಹಕ್ಕಳೆ ಗಟ್ಟಿಯಾಗಿ ಕೂತಿತ್ತು. ಲೆಕ್ಕ ಹಾಕಿ: ಹಬ್ಬಿನ ಮುಖ 140 ಮಿ.ಮೀ. ಅಗಲ, ಅದರ ಅಂಚಿನಲ್ಲಿ 0.1 ಮಿ.ಮೀ. ದಪ್ಪದ ತುಕ್ಕು ಇದೆ ಎಂದುಕೊಳ್ಳಿ. 250 ಮಿ.ಮೀ. ಅಗಲದ ಡಿಸ್ಕಿನ ಅಂಚಿಗೆ ಬರುವಾಗ ಆ ಓರೆ ಸುಮಾರು 0.18 ಮಿ.ಮೀ. ಆಗಿರುತ್ತದೆ. ಬಹಳಷ್ಟು ಕಾರುಗಳಲ್ಲಿ ಒಪ್ಪುವ ಓರೆ 0.05 ಮಿ.ಮೀ.ಗೆ ಆಸುಪಾಸು. ಜಗತ್ತಿನ ಅತ್ಯುತ್ತಮ ಡಿಸ್ಕನ್ನು ಆ ಹಬ್ಬಿಗೆ ಹಾಕಿದರೂ ಅದು ಹಾಳಾಗುತ್ತಿತ್ತು. ತುಕ್ಕು ಕೆರೆದು, ಹೊಸ ಡಿಸ್ಕ್ ಕೂರಿಸಿ ಅಳೆದಾಗ 0.03 ಬಂತು. ಆ ಮಾಲೀಕರು ಮೂರು ಜೊತೆ ಡಿಸ್ಕಿಗೆ ಸುರಿದ ಹಣ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ನಿಮ್ಮ ಮೆಕ್ಯಾನಿಕ್ ಬಳಿ ಮೊದಲು ಕೇಳಬೇಕಾದದ್ದು ‘ಯಾವ ಬ್ರ್ಯಾಂಡ್’ ಎಂದಲ್ಲ, ‘ಡಯಲ್ ಗೇಜ್ ಇಟ್ಟು ಅಳೆದಿರಾ’ ಎಂದು. ಚಕ್ರ ಬಿಚ್ಚಿ, ವಾಷರ್ ಹಾಕಿ ನಟ್‌ಗಳನ್ನು ಬಿಗಿದು, ಡಿಸ್ಕಿನ ಹೊರ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ಗೇಜಿನ ಮೊನೆ ಇಟ್ಟು ಒಂದು ಸುತ್ತು ತಿರುಗಿಸಿದರೆ ಓರೆ ಎಷ್ಟೆಂದು ತಿಳಿಯುತ್ತದೆ. ಮೈಕ್ರೋಮೀಟರ್‌ನಲ್ಲಿ ಸುತ್ತಲೂ ಎಂಟು ಕಡೆ ದಪ್ಪ ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ಡಿಸ್ಕಿನ ಅಂಚಿನಲ್ಲೋ ನಡುವಿನ ಟೊಪ್ಪಿಯ ಮೇಲೋ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಕೊರೆದಿರುತ್ತಾರೆ. ಹೊಸದಾಗಿದ್ದಾಗ 22 ಮಿ.ಮೀ. ಇದ್ದ ಡಿಸ್ಕಿಗೆ ಆ ಮಿತಿ ಸಾಮಾನ್ಯವಾಗಿ 20ರ ಹತ್ತಿರ ಇರುತ್ತದೆ. ನಿಮ್ಮದು ಮಿತಿಗಿಂತ ಸಾಕಷ್ಟು ದಪ್ಪ ಉಳಿದಿದ್ದು ಬಿರುಕಿಲ್ಲದಿದ್ದರೆ, ಹಬ್ ಮೇಲೆ ಕೂತಂತೆಯೇ ಲೇತ್ ಹಿಡಿಸಿ ತುಸು ಕೆತ್ತಿಸಿದರೂ ನಡುಕ ಹೋಗಬಹುದು. 70 ಸಾವಿರ ಓಡಿದ ಡಿಸ್ಕ್ ಮಿತಿಯ ಹತ್ತಿರ ಬಂದಿರುವುದೂ ಉಂಟು. ಹಾಗಿದ್ದರೆ ಬದಲಿಸುವುದೇ ಸರಿ, ಎಡ ಬಲ ಎರಡನ್ನೂ, ಹೊಸ ಪ್ಯಾಡ್ ಸಮೇತ. ಹಳೆಯ ಡಿಸ್ಕಿನ ಸವೆತಕ್ಕೆ ಹೊಂದಿಕೊಂಡ ಪ್ಯಾಡನ್ನು ಹೊಸ ಡಿಸ್ಕಿಗೆ ಹಾಕಬಾರದು.

ಈಗ ಡಿಸ್ಕಿನ ಆಯ್ಕೆ. ಇಲ್ಲಿ ಒಂದು ವಿಷಯ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ: ಡಿಸ್ಕಿನ ಮುಖ್ಯ ಕೆಲಸ ಬಿಸಿಯನ್ನು ನುಂಗುವುದು. 1,500 ಕೆ.ಜಿ. ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊತ್ತಿರುವ ಶಕ್ತಿ ಸುಮಾರು 5.8 ಲಕ್ಷ ಜೂಲ್. ನಿಲ್ಲಿಸಿದಾಗ ಅದೆಲ್ಲ ಬಿಸಿಯಾಗಿ ಬದಲಾಗಬೇಕು. ಅದರಲ್ಲಿ ಶೇ. 70 ಪಾಲು ಮುಂದಿನ ಎರಡು ಡಿಸ್ಕಿಗೆ ಹೋಯಿತು, ಒಂದೊಂದರ ತೂಕ 6 ಕೆ.ಜಿ. ಎಂದಿಟ್ಟುಕೊಂಡರೆ ಒಂದೇ ಸಲದ ನಿಲುಗಡೆಗೆ ಕಬ್ಬಿಣ ಸುಮಾರು 73 ಡಿಗ್ರಿ ಸೆಲ್ಸಿಯಸ್ ಬಿಸಿಯೇರುತ್ತದೆ. ಅದೇ ಅಳತೆಯ ಡಿಸ್ಕನ್ನು ಯಾರೋ ಒಳಗಿನ ಲೋಹ ಉಳಿಸಿ 5 ಕೆ.ಜಿ.ಗೆ ಎರಕ ಹೊಯ್ದರೆ 88 ಡಿಗ್ರಿ. ಒಂದು ಸಲಕ್ಕೆ 15 ಡಿಗ್ರಿ ವ್ಯತ್ಯಾಸ ದೊಡ್ಡದಲ್ಲ ಅನಿಸಬಹುದು. ಮೇಲಿಂದ ಮೇಲೆ ಹತ್ತು ಸಲ ಒತ್ತಿದಾಗ ಅದು ಕೂಡುತ್ತಾ ಹೋಗುತ್ತದೆ.

ಬೆಟ್ಟ ಇಳಿಯುವಾಗಿನ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ಅದೇ ಕಾರು 100 ಮೀಟರ್ ಎತ್ತರ ಕೆಳಗಿಳಿದರೆ ಕಳೆಯಬೇಕಾದ ಶಕ್ತಿ ಸುಮಾರು 14.7 ಲಕ್ಷ ಜೂಲ್, ಅಂದರೆ 100 ಕಿ.ಮೀ. ವೇಗದಿಂದ ನಿಲ್ಲಿಸುವುದರ ಎರಡೂವರೆ ಪಟ್ಟು. ಗಾಳಿ, ಟೈರು ಒಂದಿಷ್ಟು ತೆಗೆದುಕೊಳ್ಳುತ್ತವೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ದೊಡ್ಡ ಪಾಲು ಹೊರುತ್ತದೆ. ಉಳಿದದ್ದೆಲ್ಲ ಡಿಸ್ಕಿನ ತಲೆಗೆ. ಅದಕ್ಕೇ ನಾನು ಯಾರೇ ಕೇಳಿದರೂ ಹೇಳುವುದು, ಹೊರಗಿನ ಡಿಸ್ಕ್ ಕೊಳ್ಳುವ ಮುನ್ನ ತಕ್ಕಡಿಗೆ ಹಾಕಿ ಎಂದು. ಮೂಲ ಡಿಸ್ಕ್ ಹೊಸದಾಗಿದ್ದಾಗಿನ ತೂಕಕ್ಕಿಂತ ಎದ್ದು ಕಾಣುವಷ್ಟು ಹಗುರವಿದ್ದರೆ ಅದು ಬೇಡ.

ತೂಕದ ಜೊತೆಗೆ ಅಂಚಿನಿಂದ ಒಳಗೆ ಇಣುಕಿ ನೋಡಿ. ಮುಂದಿನ ಡಿಸ್ಕ್‌ಗಳು ಸಾಮಾನ್ಯವಾಗಿ ಎರಡು ಬಿಲ್ಲೆಗಳ ನಡುವೆ ಗಾಳಿಗಂಡಿ ಇರುವಂಥವು. ಎರಡೂ ಬಿಲ್ಲೆಗಳ ದಪ್ಪ ಸುತ್ತಲೂ ಒಂದೇ ಇರಬೇಕು. ಎರಕ ಹೊಯ್ಯುವಾಗ ಒಳಗಿನ ಅಚ್ಚು ಜರುಗಿದ್ದರೆ ಒಂದು ಬಿಲ್ಲೆ ದಪ್ಪ, ಇನ್ನೊಂದು ತೆಳು ಆಗಿರುತ್ತದೆ. ಬಿಸಿಯಾದಾಗ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಅಂಚಿನಲ್ಲಿ ಒಂದು ಕಡೆ ಚೂರು ಕೆತ್ತಿ ತೆಗೆದ ಗುರುತು ಇದ್ದರೆ ಗಾಬರಿ ಬೇಡ. ಕಾರ್ಖಾನೆಯಲ್ಲಿ ಡಿಸ್ಕನ್ನು ಬ್ಯಾಲೆನ್ಸ್ ಮಾಡಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ, ಒಳ್ಳೆಯ ಲಕ್ಷಣ. ಗಾಳಿಗಂಡಿಯ ರೆಕ್ಕೆಗಳು ಬಾಗಿದ್ದರೆ ಡಿಸ್ಕಿಗೆ ಎಡ ಬಲ ಎಂಬುದಿರುತ್ತದೆ, ಅದಲು ಬದಲು ಮಾಡುವಂತಿಲ್ಲ.

ಲೋಹದ ಗುಣ ಕಣ್ಣಿಗೆ ಕಾಣುವುದಿಲ್ಲ. ಡಿಸ್ಕಿಗೆ ಬಳಸುವ ಬೂದು ಬೀಡಿನಲ್ಲಿ ಗ್ರಾಫೈಟ್ ಸಣ್ಣ ಸಣ್ಣ ಹಾಳೆಗಳಂತೆ ಹರಡಿಕೊಂಡಿರುತ್ತದೆ. ಬಿಸಿಯನ್ನು ಬೇಗ ಹರಡುವುದೂ ಅದೇ, ಕಂಪನವನ್ನು ನುಂಗಿ ಕಿರುಗುಟ್ಟುವಿಕೆ ತಗ್ಗಿಸುವುದೂ ಅದೇ. ‘ಹೈ ಕಾರ್ಬನ್’ ಎಂದು ಬರೆದ ಡಿಸ್ಕ್‌ಗಳಲ್ಲಿ ಇಂಗಾಲದ ಪಾಲು ಸ್ವಲ್ಪ ಹೆಚ್ಚು. ಬಿಸಿ ಹರಡುವ ಗುಣ ಹೆಚ್ಚುತ್ತದೆ, ಬಿಸಿಯಿಂದ ಬಿರುಕು ಬಿಡುವುದು ಕಡಿಮೆ. ನಂಬಬಹುದಾದ ತಯಾರಕರದ್ದಾದರೆ, ಮೂಲ ಡಿಸ್ಕ್ ಅಂಥದ್ದೇ ಆಗಿದ್ದರೆ ಅಥವಾ ನೀವು ಭಾರ ಹೊತ್ತು ಬೆಟ್ಟ ಇಳಿಯುವವರಾದರೆ ಅದಕ್ಕೆ ಹೆಚ್ಚು ದುಡ್ಡು ಕೊಡುವುದು ದಂಡವಲ್ಲ. ತುಕ್ಕು ತಡೆಯುವ ಬೂದು ಲೇಪ ಇರುವ ಡಿಸ್ಕ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಪ್ಯಾಡ್ ಉಜ್ಜುವ ಜಾಗದ ಲೇಪ ಮೊದಲ ಕೆಲವು ಬ್ರೇಕಿಗೇ ಹೋಗುತ್ತದೆ, ಟೊಪ್ಪಿ ಮತ್ತು ಅಂಚಿನದು ಉಳಿದು ಕಾಯುತ್ತದೆ.

ತೂತು ಕೊರೆದ ಡಿಸ್ಕಿನ ವಿಷಯದಲ್ಲಿ ನಿಮ್ಮ ಗೆಳೆಯರ ಮಾತಿಗೆ ನಾನು ಒಪ್ಪುವುದಿಲ್ಲ. ಹಿಂದೆ ಪ್ಯಾಡಿನ ಅಂಟು ಕಾದು ಹೊಮ್ಮುತ್ತಿದ್ದ ಅನಿಲಕ್ಕೆ ದಾರಿ ಬೇಕಿತ್ತು. ಈಗಿನ ಪ್ಯಾಡ್‌ಗಳಲ್ಲಿ ಆ ಸಮಸ್ಯೆ ಬಹಳ ಕಡಿಮೆ. ಮಳೆಯಲ್ಲಿ ನೀರಿನ ಪೊರೆ ಬೇಗ ಸರಿದು ಮೊದಲ ಹಿಡಿತ ತುಸು ಚುರುಕಾಗುತ್ತದೆ ಎಂಬುದು ನಿಜ. ಅದಕ್ಕೆ ತೆರುವ ಬೆಲೆ ಮಾತ್ರ ಹೆಚ್ಚು: ಪ್ರತಿ ತೂತೂ ಬಿಸಿ ನುಂಗಬೇಕಾದ ಲೋಹವನ್ನು ಕಿತ್ತುಕೊಂಡಿರುತ್ತದೆ, ಮೇಲಾಗಿ ಪ್ರತಿ ತೂತಿನ ಬಾಯಿಯೂ ಬಿರುಕು ಶುರುವಾಗಲು ಹೇಳಿ ಮಾಡಿಸಿದ ಜಾಗ. ಸಾದಾ ಡಿಸ್ಕ್ ತಂದು ಡ್ರಿಲ್ ಹಾಕಿ ಕೊರೆದು ಮಾರುವವರ ಸರಕಂತೂ ಅಪಾಯ. ಗೀರು ಹಾಕಿದ ಡಿಸ್ಕ್ ಅಷ್ಟು ಕೆಟ್ಟದ್ದಲ್ಲ, ಪ್ಯಾಡಿನ ಮುಖವನ್ನು ಸವರಿ ಹೊಸದಾಗಿಡುತ್ತದೆ, ಆದರೆ ಪ್ಯಾಡ್ ಬೇಗ ಸವೆಯುತ್ತದೆ, ಜೋರಾಗಿ ಒತ್ತಿದಾಗ ಗುಂಯ್‌ಗುಡುತ್ತದೆ.

‘ಚೆನ್ನಾಗಿ ಹಿಡಿಯುತ್ತದೆ’ ಎನ್ನುವುದನ್ನೂ ಒಮ್ಮೆ ಯೋಚಿಸಿ. ಈಗಿರುವ ಬ್ರೇಕನ್ನೇ ಜೋರಾಗಿ ಅದುಮಿದಾಗ, ಚಕ್ರ ನಿಂತು ಜಾರದಂತೆ ತಡೆಯುವ ಎಬಿಎಸ್ ಕೆಲಸ ಶುರು ಮಾಡುತ್ತದೆ ಎಂದರೆ ಟೈರು ರಸ್ತೆಗೆ ಹಿಡಿದುಕೊಳ್ಳಬಲ್ಲ ಮಿತಿ ಆಗಲೇ ಮುಟ್ಟಿದೆ. ಅದರಾಚೆಗೆ ಯಾವ ಡಿಸ್ಕ್ ಬಂದರೂ ಒಂದು ಸಲದ ನಿಲುಗಡೆಯ ದೂರ ಕಡಿಮೆಯಾಗುವುದಿಲ್ಲ. ಆ ದೂರ ಕಡಿಮೆಯಾಗಬೇಕಾದರೆ ಒಳ್ಳೆಯ ಟೈರಿಗೆ ಖರ್ಚು ಮಾಡಿ. ಒಳ್ಳೆಯ ಡಿಸ್ಕ್, ಪ್ಯಾಡಿನ ಬೆಲೆ ತಿಳಿಯುವುದು ಹತ್ತನೇ ಸಲ ಒತ್ತಿದಾಗ, ಕಾದ ಮೇಲೂ ಪೆಡಲ್ ಮೊದಲಿನ ಹಾಗೇ ಇದ್ದಾಗ. ಸಾದಾ ಮುಖದ, ಸರಿಯಾದ ತೂಕದ, ಒಳ್ಳೆಯ ಎರಕದ ಡಿಸ್ಕ್: ನಿಮ್ಮ ಕಾರಿಗೆ ನನ್ನ ಆಯ್ಕೆ ಇದು.

ಪ್ಯಾಡಿನ ಪ್ರಪಂಚ ಹೆಚ್ಚು ಗೋಜಲು. ಉಕ್ಕಿನ ಎಳೆ, ಪುಡಿ ಹೆಚ್ಚಿರುವ ಸೆಮಿ-ಮೆಟಾಲಿಕ್ ಪ್ಯಾಡ್‌ಗಳಲ್ಲಿ ಅರ್ಧ ತೂಕದಷ್ಟು ಲೋಹವೇ ಇರಬಹುದು. ಬಿಸಿಗೆ ಜಗ್ಗುವುದಿಲ್ಲ, ಡಿಸ್ಕನ್ನು ಹೆಚ್ಚು ಸವೆಸುತ್ತವೆ, ರಿಮ್ ಮೇಲೆ ಕಪ್ಪು ಧೂಳು ಕೂರಿಸುತ್ತವೆ. ಲೋಹ ಕಡಿಮೆಯಿರುವ ಲೋ-ಮೆಟಾಲಿಕ್ ಪ್ಯಾಡ್ ಯುರೋಪಿನ ಕಾರುಗಳಲ್ಲಿ ಮಾಮೂಲಿ. ಉಕ್ಕು ಬಳಸದ ಎನ್‌ಎಒ (ಕಲ್ನಾರಿಲ್ಲದ, ಸಾವಯವ) ಬಗೆಯವು ಮೆತ್ತಗೆ, ಸದ್ದಿಲ್ಲದೆ ಹಿಡಿಯುತ್ತವೆ. ಜಪಾನಿನ ಕಾರುಗಳಲ್ಲಿ ಇವೇ ಹೆಚ್ಚು. ‘ಸೆರಾಮಿಕ್’ ಎಂದು ಮಾರುವ ಪ್ಯಾಡ್‌ಗಳು ಬಹುಪಾಲು ಇದೇ ಕುಟುಂಬದವು, ಸೆರಾಮಿಕ್ ಎಳೆ ಸೇರಿಸಿದಂಥವು. ಧೂಳು ಕಡಿಮೆ, ಅದೂ ತಿಳಿ ಬಣ್ಣದ್ದು, ಡಿಸ್ಕಿನ ಸವೆತವೂ ಕಡಿಮೆ. ದಿನವೂ ಕಚೇರಿಗೆ ಹೋಗಿ ಬರುವ ಕಾರಿಗೆ ಚೆನ್ನಾಗಿ ಒಗ್ಗುತ್ತವೆ. ಕಾರು ತುಂಬ ಜನ, ಸಾಮಾನು ಹೇರಿ ಉದ್ದದ ಇಳಿಜಾರು ಇಳಿಯುವುದು ನಿಮ್ಮ ಅಭ್ಯಾಸವಾದರೆ ಒಳ್ಳೆಯ ಲೋ-ಮೆಟಾಲಿಕ್ ಪ್ಯಾಡ್ ಹೆಚ್ಚು ಭರವಸೆಯದು. ಎರಡೂ ಅಲ್ಲ ಎನ್ನುವವರು ಕಾರಿಗೆ ಕಾರ್ಖಾನೆಯಿಂದ ಯಾವ ಬಗೆ ಬಂದಿತ್ತೋ ಅದೇ ಬಗೆ ಹಾಕಿಸಲಿ. ಆ ಡಿಸ್ಕ್, ಆ ಎಬಿಎಸ್, ಹಿಂದಿನ ಮುಂದಿನ ಬ್ರೇಕಿನ ಹಂಚಿಕೆ ಎಲ್ಲವನ್ನೂ ಅದಕ್ಕೆ ಹೊಂದಿಸಿಯೇ ಕೂರಿಸಿರುತ್ತಾರೆ.

ಪ್ಯಾಡಿನ ಅಂಚಿನಲ್ಲಿ ಇಂಗ್ಲಿಷಿನ ಎರಡು ಅಕ್ಷರ ಕಾಣಬಹುದು, ಎಫ್‌ಎಫ್, ಎಫ್‌ಇ, ಜಿಜಿ ಹೀಗೆ. ಅಮೆರಿಕದ ವಾಹನ ಎಂಜಿನಿಯರ್‌ಗಳ ಸಂಘವಾದ ಎಸ್‌ಎಇಯ ಪದ್ಧತಿಯ ಗುರುತು ಇದು. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿನ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, ಎರಡನೆಯದು ಹೆಚ್ಚು ಕಾದಾಗಿನದು. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎಫ್‌ಇ ಇದ್ದರೆ ಕಾದ ಮೇಲೆ ಹಿಡಿತ ಇಳಿಯುತ್ತದೆ ಎಂದು ಓದಿಕೊಳ್ಳಿ. ಆದರೆ ಜಿಜಿ ಎಂದ ಮಾತ್ರಕ್ಕೆ ಎಫ್‌ಎಫ್‌ಗಿಂತ ಮೇಲು ಎಂದುಕೊಳ್ಳಬೇಡಿ. ಇದು ಒಂದಿಂಚಿನ ಚೌಕದ ತುಣುಕನ್ನು ಉಜ್ಜಿ ನೋಡಿ ಕೊಡುವ ಗುರುತು, ಗುಣಮಟ್ಟದ ಅಂಕವಲ್ಲ. ಮುಂದೆ ಮಾತ್ರ ಅತಿ ಹಿಡಿತದ ಪ್ಯಾಡ್ ಹಾಕಿದರೆ ಹಿಂದಿನ ಮುಂದಿನ ಹಂಚಿಕೆಯೂ ಕೆಡುತ್ತದೆ.

ಇದಕ್ಕಿಂತ ನಾನು ಬೆಲೆ ಕೊಡುವುದು ವಿಶ್ವಸಂಸ್ಥೆಯ ಯುರೋಪ್ ಆಯೋಗದ ಆರ್90 ನಿಯಮದ ಗುರುತಿಗೆ. ಬದಲಿ ಪ್ಯಾಡನ್ನು ಆಯಾ ಕಾರಿನ ಮೂಲ ಪ್ಯಾಡಿನ ಜೊತೆ ಹೋಲಿಸಿ ಪರೀಕ್ಷಿಸುತ್ತಾರೆ, ವ್ಯತ್ಯಾಸ ಶೇ. 15ರ ಒಳಗಿರಬೇಕು. ಹಿಡಿತ ಮೂಲಕ್ಕಿಂತ ಹೆಚ್ಚಿದ್ದರೂ ನಪಾಸು, ಕಡಿಮೆಯಿದ್ದರೂ ನಪಾಸು, ನನಗೆ ಹಿಡಿಸುವುದೇ ಇದು. ಪ್ಯಾಡಿನ ಬೆನ್ನಿಗಿರುವ ಉಕ್ಕಿನ ಬ್ಯಾಕಿಂಗ್ ಪ್ಲೇಟ್ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲೊಂದು ಸಂಖ್ಯೆ, ಆಮೇಲೆ 90ಆರ್ ಎಂದಿರುತ್ತದೆ. ಸಂಖ್ಯೆ 1 ಇದ್ದರೆ ಜರ್ಮನಿ, 4 ಇದ್ದರೆ ನೆದರ್‌ಲೆಂಡ್ಸ್, 11 ಇದ್ದರೆ ಬ್ರಿಟನ್. ಅದು ಅನುಮೋದನೆ ಕೊಟ್ಟ ದೇಶ, ಪ್ಯಾಡ್ ತಯಾರಾದ ದೇಶವಲ್ಲ. ಡಿಸ್ಕ್‌ಗಳಿಗೂ ಇದೇ ನಿಯಮದ ಗುರುತು ಇರುತ್ತದೆ, ಸಿಕ್ಕರೆ ಅಂಥದ್ದನ್ನೇ ಆರಿಸಿ.

ಇನ್ನು ಪ್ಯಾಡನ್ನು ಕೈಯಲ್ಲಿ ಹಿಡಿದು ನೋಡುವ ಕ್ರಮ. ಒಂದು ಕಾರಿನಿಂದ ನಾನು ಬಿಚ್ಚಿದ ಅಗ್ಗದ ಪ್ಯಾಡಿನಲ್ಲಿ ಘರ್ಷಣೆಯ ಪದಾರ್ಥಕ್ಕೂ ಉಕ್ಕಿನ ಪ್ಲೇಟಿಗೂ ನಡುವೆ ಉಗುರು ತೂರುವಷ್ಟು ಸೀಳು ಬಿಟ್ಟಿತ್ತು. ಪ್ಲೇಟಿನ ತುಕ್ಕು ಅಂಟಿನಡಿ ನುಗ್ಗಿ ಪದಾರ್ಥವನ್ನು ಮೇಲೆತ್ತಿತ್ತು. ಇನ್ನು ಕೆಲವು ದಿನ ಹೋಗಿದ್ದರೆ ಅದು ಪೂರ್ತಿ ಕಳಚಿ, ಒತ್ತಿದ ಪೆಡಲ್ ನೆಲ ಮುಟ್ಟುತ್ತಿತ್ತು. ಆ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ಶಾಲೆ ಚೀಲಗಳಿದ್ದವು. ಅಂದಿನಿಂದ ನಾನು ಪ್ಯಾಡಿನಲ್ಲಿ ಮೊದಲು ನೋಡುವುದು ಬ್ಯಾಕಿಂಗ್ ಪ್ಲೇಟನ್ನೇ. ಬಣ್ಣ ಸಮನಾಗಿ, ಅಂಚಿನವರೆಗೂ ಕೂತಿರಬೇಕು, ತುಕ್ಕಿನ ಮೇಲೆ ಬಳಿದಂತಿರಬಾರದು. ಪ್ಲೇಟ್ ಚಪ್ಪಟೆಯಾಗಿರಬೇಕು, ಪದಾರ್ಥದ ಅಂಚಿನಲ್ಲಿ ಬಿರುಕು, ಪುಡಿ ಉದುರುವುದು ಇರಬಾರದು. ಕೆಲವು ತಯಾರಕರು ಪ್ಲೇಟಿನ ಮೇಲೆ ಉಕ್ಕಿನ ಸಣ್ಣ ಕೊಕ್ಕೆಗಳನ್ನೆಬ್ಬಿಸಿ ಪದಾರ್ಥವನ್ನು ಅದಕ್ಕೇ ಕಚ್ಚಿಸುತ್ತಾರೆ. ಬರಿಯ ಅಂಟಿಗಿಂತ ಅದು ಭದ್ರ. ಹಿಂಬದಿಗೆ ಸದ್ದು ತಡೆಯುವ ಶಿಮ್, ಡಬ್ಬಿಯಲ್ಲಿ ಹೊಸ ಕ್ಲಿಪ್‌ಗಳು ಇದ್ದರೆ ತಯಾರಕರು ಕೆಲಸವನ್ನು ಮನಸಿಟ್ಟು ಮಾಡಿದ್ದಾರೆ ಎಂದರ್ಥ.

ಕಂಪನಿ ಡಬ್ಬಿಯೋ ಹೊರಗಿನದೋ ಎಂಬ ಪ್ರಶ್ನೆಗೆ ಈಗ ಉತ್ತರ ಸುಲಭ. ಕಾರು ತಯಾರಕರು ಸಾಮಾನ್ಯವಾಗಿ ಡಿಸ್ಕನ್ನೂ ಪ್ಯಾಡನ್ನೂ ತಾವೇ ಮಾಡುವುದಿಲ್ಲ. ಬ್ರೆಂಬೊ, ಎಟಿಇ, ಟೆಕ್ಸ್‌ಟಾರ್, ಟಿಆರ್‌ಡಬ್ಲ್ಯು, ಬಾಷ್, ಅಕೆಬೊನೊ, ಫೆರೊಡೊ ಇಂಥವರು ಕಾರು ಕಾರ್ಖಾನೆಗಳಿಗೂ ಮಾಲು ಕೊಟ್ಟವರು, ತಮ್ಮದೇ ಡಬ್ಬಿಯಲ್ಲೂ ಮಾರುವವರು. ಇವರ ಡಬ್ಬಿ ತೆಗೆದುಕೊಳ್ಳಲು ಹಿಂಜರಿಕೆ ಬೇಡ. ಹಿಂಜರಿಯಬೇಕಾದದ್ದು ಇದೇ ಹೆಸರುಗಳ ನಕಲಿಗೆ. ಅಕ್ಷರ ತಪ್ಪಿದ ಡಬ್ಬಿ, ಬ್ಯಾಚ್ ಸಂಖ್ಯೆ ಇಲ್ಲದ ಪ್ಲೇಟ್, ಒಂದೇ ಡಬ್ಬಿಯ ನಾಲ್ಕು ಪ್ಯಾಡಿನ ಮೇಲೆ ನಾಲ್ಕು ಬಗೆಯ ಗುರುತು, ನಂಬಲಾಗದಷ್ಟು ಕಡಿಮೆ ಬೆಲೆ, ಇವುಗಳಲ್ಲಿ ಒಂದು ಕಂಡರೂ ವಾಪಸು ಕೊಡಿ. ಒಂದೇ ಮಾದರಿಯ ಕಾರಿಗೆ ಎರಡು ಮೂರು ಅಳತೆಯ ಡಿಸ್ಕ್ ಬಂದಿರುವುದು ಮಾಮೂಲಿ, ಹಾಗಾಗಿ ಚಾಸಿ ನಂಬರ್ ಕೊಟ್ಟೇ ತರಿಸಿ.

ಕೂರಿಸುವ ದಿನ ಸಾಧ್ಯವಾದರೆ ನೀವೂ ಪಕ್ಕದಲ್ಲಿ ನಿಂತಿರಿ. ಹಬ್ಬಿನ ಮುಖ ಲೋಹ ಹೊಳೆಯುವವರೆಗೆ ಬ್ರಶ್‌ನಿಂದ ಉಜ್ಜಿಸಿ. ಎಣ್ಣೆ ಹಚ್ಚಿ ಬಂದ ಡಿಸ್ಕಾದರೆ ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ಒರೆಸಿಸಿ. ಕೂರಿಸಿದ ಮೇಲೆ ಡಯಲ್ ಗೇಜಿನಲ್ಲಿ ಓರೆ ಮಿತಿ ಮೀರಿದ್ದು ಕಂಡರೆ ಡಿಸ್ಕನ್ನು ಬಿಚ್ಚಿ ಒಂದು ಬೋಲ್ಟಿನಷ್ಟು ತಿರುಗಿಸಿ ಮತ್ತೆ ಕೂರಿಸಿ ಅಳೆಯಲಿ. ಹಬ್ಬಿನ ಓರೆಯೂ ಡಿಸ್ಕಿನ ಓರೆಯೂ ಒಂದನ್ನೊಂದು ಹೊಡೆದು ಹಾಕುವ ಜಾಗ ಎಷ್ಟೋ ಸಲ ಸಿಗುತ್ತದೆ. ಪ್ಯಾಡ್‌ಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರಿನ ಪಿನ್‌ಗಳು ಸಲೀಸಾಗಿ ಜಾರುತ್ತವೆಯೇ ನೋಡಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿಸಿ. ಚಕ್ರದ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ನಟ್ ಬಿಗಿಯುವ ಗಾಳಿ ಗನ್‌ನಿಂದ ಒಂದನ್ನು ಅತಿ, ಒಂದನ್ನು ಕಡಿಮೆ ಬಿಗಿದರೆ ಹೊಸ ಡಿಸ್ಕೂ ಓರೆಯಾಗಿಯೇ ಕೂರುತ್ತದೆ.

ಅದೇ ದಿನ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ನೋಡಿ. ಎರಡು ವರ್ಷ ದಾಟಿದ್ದರೆ ಬದಲಿಸಿಬಿಡಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲಿನ ಮಾನದಂಡ 155 ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಆಯಿಲ್ ಕುದ್ದು ಗುಳ್ಳೆಯಾದರೆ ಎಂಥ ಪ್ಯಾಡಿದ್ದರೂ ಪೆಡಲ್ ಸ್ಪಂಜಾಗಿಬಿಡುತ್ತದೆ.

ಕಾರನ್ನು ಕದಲಿಸುವ ಮೊದಲೇ ಒಳಗೆ ಕೂತು ಪೆಡಲನ್ನು ನಾಲ್ಕಾರು ಸಲ ಒತ್ತಿ ಗಟ್ಟಿಯಾಗಿದೆಯೇ ಖಾತ್ರಿ ಮಾಡಿಕೊಂಡು ಹೊರಡಿ. ಪ್ಯಾಡಿನ ಡಬ್ಬಿಯಲ್ಲಿ ಪಳಗಿಸುವ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ. ಇಲ್ಲದಿದ್ದರೆ ಹಿಂದೆ ವಾಹನಗಳಿಲ್ಲದ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗಕ್ಕೆ ಬನ್ನಿ. ನಡುವೆ ಅರ್ಧ ನಿಮಿಷ ಗಾಳಿಯಾಡಲು ಬಿಟ್ಟು ಎಂಟು ಹತ್ತು ಸಲ ಹೀಗೆ ಮಾಡಿ. ಪ್ಯಾಡಿನ ತೆಳುವಾದ ಪದರ ಡಿಸ್ಕಿನ ಸುತ್ತ ಸಮನಾಗಿ ಹರಡಿಕೊಳ್ಳುವುದು ಆಗಲೇ. ಕೊನೆಗೆ ಐದಾರು ಕಿ.ಮೀ. ಬ್ರೇಕ್ ಮುಟ್ಟದಂತೆ ನಿಧಾನವಾಗಿ ಓಡಿಸಿ ತಣಿಯಲು ಬಿಡಿ, ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಸಣ್ಣಗೆ ಉಜ್ಜುವ ಸದ್ದು, ತುಸು ಸುಟ್ಟ ವಾಸನೆ ಬಂದರೆ ಚಿಂತೆಯಿಲ್ಲ. ಪೆಡಲ್ ಮೆತ್ತಗಾದರೆ, ಕಾರು ಒಂದು ಬದಿಗೆ ಎಳೆದರೆ ಮಾತ್ರ ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.